ಪಂಚಾಯಿತಿ ವಾಹನಕ್ಕೆ ತಕ್ಕ ಎಂಜಿನ್ ಆಯಿಲ್, ತಕ್ಕ ಇಂಧನ: ಸದಸ್ಯರಿಗೆ ಅಧ್ಯಯನ ಪಾಠ



ಮನೆಮನೆಯಿಂದ ಕಸ ಸಂಗ್ರಹಿಸುವ ಸ್ವಚ್ಛ ವಾಹಿನಿ ಒಂದು ವಾರ ನಿಂತರೆ ಅದರ ಪರಿಣಾಮ ಇಡೀ ಗ್ರಾಮಕ್ಕೆ ತಿಳಿಯುತ್ತದೆ. ಬೀದಿಯ ಕೊನೆಯಲ್ಲಿ ಕಸ ರಾಶಿ ಬೀಳುತ್ತದೆ. ವಾಹನವನ್ನು ನಂಬಿ ದುಡಿಯುವ ಸ್ವಸಹಾಯ ಸಂಘದ ಮಹಿಳೆಯರ ಕೆಲಸ ಕೆಡುತ್ತದೆ. ಎಂಜಿನ್ ಬಿಚ್ಚಿ ದುರಸ್ತಿ ಮಾಡಿಸುವ ವೆಚ್ಚ ಪಂಚಾಯಿತಿ ನಿಧಿಯ ಮೇಲೆ ಬೀಳುತ್ತದೆ. ತಪ್ಪು ಆಯಿಲ್ ಹಾಕುವುದರಿಂದ ಅಥವಾ ಹಾಕಿದ್ದನ್ನು ಸಕಾಲದಲ್ಲಿ ಬದಲಾಯಿಸದಿರುವುದರಿಂದ ಬರುವ ಇಂತಹ ಹಾನಿಯನ್ನು ತಡೆಯುವುದು ಕಷ್ಟವಲ್ಲ. ಬಿಲ್ಲು ಸಭೆಯ ಮುಂದೆ ಬಂದಾಗ ಮೊತ್ತವನ್ನು ನೋಡುವಂತೆಯೇ, "ಇದು ಈ ವಾಹನಕ್ಕೆ ಹೇಳಿದ ಆಯಿಲ್ ಹೌದೇ?" ಎಂದು ಕೇಳಲು ಸದಸ್ಯರು ಶಕ್ತರಾಗಬೇಕೆಂಬುದೇ ಈ ಪಾಠದ ಉದ್ದೇಶ.

1. ಆಯಿಲ್ ಮಾಡುವ ಕೆಲಸ

ಎಂಜಿನ್ನಿನೊಳಗೆ ಲೋಹದ ಭಾಗಗಳು ಒಂದಕ್ಕೊಂದು ಉಜ್ಜದಂತೆ ಆಯಿಲ್ ತೆಳುಪದರವಾಗಿ ನಿಲ್ಲುತ್ತದೆ. ಅದರ ಜೊತೆಗೆ ಶಾಖವನ್ನು ಹೊತ್ತೊಯ್ಯುತ್ತದೆ, ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ, ತುಕ್ಕು ಹಿಡಿಯದಂತೆ ಕಾಯುತ್ತದೆ. ಆದುದರಿಂದ ಡೀಸೆಲ್ ವಾಹನದ ಆಯಿಲ್ ಕಪ್ಪಾದ ಮಾತ್ರಕ್ಕೆ ಕೆಟ್ಟಿತೆಂದು ಭಾವಿಸಬೇಕಾಗಿಲ್ಲ. ಅದು ಮಸಿಯನ್ನು ಹಿಡಿಯುತ್ತಿದೆ ಎಂದರ್ಥ. ಆದರೆ ಆಯಿಲ್ ಹಾಲು ಬೆರೆತ ಚಹಾದಂತೆ ಕಂಡರೆ ಅದರೊಳಗೆ ನೀರು ಸೇರಿರುವ ಸೂಚನೆಯಿದ್ದು, ವಾಹನವನ್ನು ಒಡನೆ ನಿಲ್ಲಿಸಿ ತೋರಿಸತಕ್ಕದ್ದು.

2. ಡಬ್ಬಿಯ ಮೇಲಿನ ಬರಹ

ಡಬ್ಬಿಯ ಮೇಲೆ ಎರಡು ಗುರುತುಗಳನ್ನು ಓದಬೇಕು. ಮೊದಲನೆಯದು "15ಡಬ್ಲ್ಯು-40" ಅಥವಾ "5ಡಬ್ಲ್ಯು-30" ಎಂಬಂತಹ ಎಸ್‌ಎಇ ದರ್ಜೆ. ಇದು ಆಯಿಲ್‌ನ ಮಂದತೆಯನ್ನು ತಿಳಿಸುತ್ತದೆ. ಇಲ್ಲಿ ಡಬ್ಲ್ಯು ಎಂದರೆ ಚಳಿಗಾಲ. ಅದರ ಹಿಂದಿನ ಅಂಕಿ ಕಡಿಮೆಯಾದಷ್ಟೂ ತಣ್ಣಗಿರುವಾಗ ಆಯಿಲ್ ಸುಲಭವಾಗಿ ಹರಿಯುತ್ತದೆ. ಮುಂದಿನ ಅಂಕಿ 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದು ಎಷ್ಟು ಮಂದವಾಗಿರುತ್ತದೆ ಎಂಬುದನ್ನು ಹೇಳುತ್ತದೆ. ಮಂದವಾದ ಆಯಿಲ್ ಹಾಕಿದರೆ ಎಂಜಿನ್ ಹೆಚ್ಚು ಬಾಳುತ್ತದೆ ಎಂಬ ನಂಬಿಕೆ ಸರಿಯಲ್ಲ. ತೆಳು ಆಯಿಲ್‌ಗೆಂದು ರೂಪಿಸಿದ ಎಂಜಿನ್ನಿನಲ್ಲಿ ಮಂದ ಆಯಿಲ್ ಕಿರಿದಾದ ದಾರಿಗಳನ್ನು ತಲುಪಲು ತಡವಾಗುತ್ತದೆ, ಇಂಧನವೂ ಹೆಚ್ಚು ಖರ್ಚಾಗುತ್ತದೆ.

ಎರಡನೆಯದು ಎಪಿಐ ದರ್ಜೆ. ಇದು "ಎಸ್" ಅಕ್ಷರದಿಂದ ಆರಂಭವಾದರೆ ಪೆಟ್ರೋಲ್ ಎಂಜಿನ್ನಿಗೆ, "ಸಿ" ಅಕ್ಷರದಿಂದ ಆರಂಭವಾದರೆ ಡೀಸೆಲ್ ಎಂಜಿನ್ನಿಗೆ. ಎಸ್‌ಎನ್, ಎಸ್‌ಪಿ ಮೊದಲ ಬಗೆಯವು. ಸಿಐ-4, ಸಿಕೆ-4 ಎರಡನೆಯ ಬಗೆಯವು. ಯಾವುದು ಬೇಕೆಂಬುದನ್ನು ಅಂಗಡಿಯವರಾಗಲಿ ಗ್ಯಾರೇಜಿನವರಾಗಲಿ ನಿರ್ಧರಿಸತಕ್ಕದ್ದಲ್ಲ. ವಾಹನದೊಡನೆ ಬಂದ ಕೈಪಿಡಿಯೇ ಪ್ರಮಾಣ.

2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ಮಾನದಂಡ ಜಾರಿಯಲ್ಲಿದೆ. ಆ ನಂತರದ ಅನೇಕ ಡೀಸೆಲ್ ವಾಹನಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಸೋಸುಕ (ಡಿಪಿಎಫ್) ಇರುತ್ತದೆ. ಬೂದಿಯಂಶ ಹೆಚ್ಚಿರುವ ಹಳೆಯ ದರ್ಜೆಯ ಆಯಿಲ್ ಹಾಕಿದರೆ ಈ ಸೋಸುಕ ಕಟ್ಟಿಕೊಳ್ಳುತ್ತದೆ. ಹಳೆಯ ಟ್ರ್ಯಾಕ್ಟರಿಗೆ ತಂದ ಡಬ್ಬಿಯಿಂದಲೇ ಹೊಸ ವಾಹನಕ್ಕೂ ಸುರಿಯುವುದು ಉಳಿತಾಯವಲ್ಲ, ನಷ್ಟ.

3. ಎಷ್ಟು ದಿನಕ್ಕೆ ಬದಲಾವಣೆ?

ಕಸದ ವಾಹನ ದಿನಕ್ಕೆ 20 ಕಿಲೋಮೀಟರಿನಂತೆ ತಿಂಗಳಿಗೆ 25 ದಿನ ಓಡಿದರೆ 500 ಕಿಲೋಮೀಟರ್ ಆಗುತ್ತದೆ. ಕೈಪಿಡಿಯಲ್ಲಿ "10,000 ಕಿಲೋಮೀಟರ್ ಅಥವಾ 1 ವರ್ಷ, ಯಾವುದು ಮೊದಲೋ ಅದು" ಎಂದಿದ್ದರೆ, ಕಿಲೋಮೀಟರನ್ನಷ್ಟೇ ನೋಡುವವರು 20 ತಿಂಗಳು ಹಳೆಯ ಆಯಿಲಿನಲ್ಲೇ ಓಡಿಸುತ್ತಾರೆ. ಮೇಲಾಗಿ, ಮನೆಮನೆಯ ಮುಂದೆ ನಿಂತು ಹೊರಡುವ ವಾಹನದಲ್ಲಿ ಚಕ್ರ ನಿಂತಿದ್ದರೂ ಎಂಜಿನ್ ದುಡಿಯುತ್ತಿರುತ್ತದೆ. ಧೂಳು, ನಿಧಾನ ಓಟ ಮತ್ತು ಪದೇ ಪದೇ ನಿಲುಗಡೆಯನ್ನು ಕೈಪಿಡಿಗಳು ಕಠಿಣ ಬಳಕೆ ಎಂದು ಪರಿಗಣಿಸಿ, ಅದಕ್ಕೆ ಕಡಿಮೆ ಅವಧಿಯನ್ನು ಸೂಚಿಸುತ್ತವೆ. ಆ ಅವಧಿಯನ್ನೇ ಪಾಲಿಸತಕ್ಕದ್ದು. ಆಯಿಲ್‌ನೊಡನೆ ಆಯಿಲ್ ಫಿಲ್ಟರನ್ನೂ ಬದಲಾಯಿಸುವುದು ಅವಶ್ಯ.

4. ಇಂಧನದ ವಿಷಯ

ಡೀಸೆಲ್ ಉರಿಯುವುದರ ಜೊತೆಗೆ ಪಂಪು ಮತ್ತು ಇಂಜೆಕ್ಟರುಗಳಿಗೆ ಜಾರುವಿಕೆಯನ್ನೂ ಒದಗಿಸುತ್ತದೆ. ಸೀಮೆಎಣ್ಣೆ ಬೆರೆತ ಡೀಸೆಲಿನಲ್ಲಿ ಆ ಗುಣ ಕುಂದಿ ಈ ದುಬಾರಿ ಭಾಗಗಳು ಸವೆಯುತ್ತವೆ. ಡೀಸೆಲ್ ವಾಹನಕ್ಕೆ ಕೈತಪ್ಪಿ ಪೆಟ್ರೋಲ್ ತುಂಬಿಸಿದ್ದರೆ ಎಂಜಿನ್ ಚಾಲೂ ಮಾಡದೆ ಟ್ಯಾಂಕನ್ನು ಖಾಲಿ ಮಾಡಿಸಬೇಕು.

ಪೆಟ್ರೋಲ್ ಬಂಕುಗಳಲ್ಲಿ ಈಗ ಶೇ. 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್ ದೊರೆಯುತ್ತಿದೆ. ಹಳೆಯ ಪೆಟ್ರೋಲ್ ವಾಹನವಿದ್ದಲ್ಲಿ ಅದು ಈ ಇಂಧನಕ್ಕೆ ತಕ್ಕುದೇ ಎಂಬುದನ್ನು ಕೈಪಿಡಿಯಿಂದ ಅಥವಾ ತಯಾರಕರಿಂದ ತಿಳಿದುಕೊಳ್ಳಬೇಕು. ರಬ್ಬರಿನ ಕೊಳವೆ ಮತ್ತು ಬಿರಡೆಗಳನ್ನು ಆಗಾಗ ಪರಿಶೀಲಿಸಬೇಕು. ಎಥೆನಾಲ್ ತೇವವನ್ನು ಹೀರಿಕೊಳ್ಳುವುದರಿಂದ ವಾಹನವನ್ನು ಅದೇ ಪೆಟ್ರೋಲಿನೊಡನೆ ತಿಂಗಳುಗಟ್ಟಲೆ ನಿಲ್ಲಿಸಿಡಬಾರದು. ಎಥೆನಾಲಿನಲ್ಲಿ ಶಕ್ತಿಯ ಅಂಶ ಪೆಟ್ರೋಲಿಗಿಂತ ಕಡಿಮೆ. ಮೈಲೇಜಿನಲ್ಲಿ ಅಲ್ಪ ಇಳಿಕೆ ಕಂಡರೆ ಚಾಲಕರನ್ನು ಶಂಕಿಸುವ ಮುನ್ನ ಇದನ್ನು ನೆನೆಯಬೇಕು. ಹೆಚ್ಚು ಬೆಲೆಯ ಅಧಿಕ ಆಕ್ಟೇನ್ ಪೆಟ್ರೋಲ್, ಅದನ್ನು ಬೇಡದ ಎಂಜಿನ್ನಿಗೆ ಹೆಚ್ಚಿನ ಪ್ರಯೋಜನ ತರುವುದಿಲ್ಲ.

ಅಳತೆಯಲ್ಲಿ ಸಂಶಯ ಬಂದರೆ ಬಂಕಿನಲ್ಲಿರುವ 5 ಲೀಟರ್ ಅಳತೆ ಪಾತ್ರೆಯಲ್ಲಿ ಹಿಡಿದು ತೋರಿಸುವಂತೆಯೂ, ಪೆಟ್ರೋಲಿನ ಶುದ್ಧತೆಯಲ್ಲಿ ಸಂಶಯ ಬಂದರೆ ಫಿಲ್ಟರ್ ಕಾಗದದ ಪರೀಕ್ಷೆ ಮಾಡುವಂತೆಯೂ ಕೇಳುವ ಹಕ್ಕು ಪ್ರತಿಯೊಬ್ಬ ಗ್ರಾಹಕರಿಗಿದೆ.

5. ಹಳೆಯ ಆಯಿಲ್

ಬಳಸಿದ ಎಂಜಿನ್ ಆಯಿಲ್ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದನ್ನು ಚರಂಡಿಗೆ, ಕೆರೆಯಂಗಳಕ್ಕೆ ಅಥವಾ ಕಸದ ಘಟಕದ ಮಣ್ಣಿಗೆ ಸುರಿಯಕೂಡದು. ಮುಚ್ಚಳವಿರುವ ಡಬ್ಬಿಯಲ್ಲಿ ಸಂಗ್ರಹಿಸಿ ಅಧಿಕೃತ ಮರುಬಳಕೆದಾರರಿಗೆ ತಲುಪುವಂತೆ ನೋಡಿಕೊಳ್ಳತಕ್ಕದ್ದು. ಊರಿನ ಕಸವನ್ನು ಒಯ್ಯುವ ವಾಹನವೇ ಊರಿನ ನೀರನ್ನು ಕೆಡಿಸಬಾರದು.

6. ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಅ) ಬಿಲ್ಲಿನಲ್ಲಿ ಬರೆದ ಎಸ್‌ಎಇ ಮತ್ತು ಎಪಿಐ ದರ್ಜೆ ಕೈಪಿಡಿಯಲ್ಲಿರುವುದಕ್ಕೆ ಹೊಂದುತ್ತದೆಯೇ? ಬರೀ "ಆಯಿಲ್" ಎಂದು ಬರೆದ ಬಿಲ್ಲಾದರೆ ವಿವರ ಪಡೆದ ನಂತರವೇ ಅಂಗೀಕರಿಸುವುದು.
ಆ) ಹಿಂದಿನ ಬದಲಾವಣೆಯ ದಿನಾಂಕ ಮತ್ತು ಕಿಲೋಮೀಟರ್ ಲಾಗ್ ಪುಸ್ತಕದಲ್ಲಿ ದಾಖಲಾಗಿದೆಯೇ?
ಇ) ಪ್ರತಿದಿನ ಬೆಳಿಗ್ಗೆ ವಾಹನವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಆಯಿಲ್ ಕಡ್ಡಿ ತೆಗೆದು ಮಟ್ಟ ನೋಡುವುದನ್ನು ಚಾಲಕರಿಗೆ ತಿಳಿಸಿಕೊಡಲಾಗಿದೆಯೇ?
ಈ) ಹಳೆಯ ಆಯಿಲ್ ಎಲ್ಲಿಗೆ ಹೋಯಿತು?

ವಾಹನದ ಕೈಪಿಡಿ ಕಪಾಟಿನಲ್ಲಿ ಬೀಗದೊಳಗಿದ್ದರೆ ಪ್ರಯೋಜನವಿಲ್ಲ. ಅದರಲ್ಲಿನ ಆಯಿಲ್ ದರ್ಜೆ, ಪ್ರಮಾಣ ಮತ್ತು ಅವಧಿಯನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ವಾಹನದ ಬಾಗಿಲಿನ ಒಳಮೈಗೆ ಅಂಟಿಸುವಂತೆ ಮುಂದಿನ ಸಭೆಯಲ್ಲಿಯೇ ತೀರ್ಮಾನಿಸಬಹುದು. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಮಾತು ಎಂಜಿನ್ನಿಗೂ ಸಲ್ಲುತ್ತದೆ. ಅದರ ಊಟವನ್ನು ಬಲ್ಲವರು ನಾವಾಗಬೇಕು.