ತಲೆ ಅಳಿಸುವುದು ಸುಲಭ, ಕಾಲರ್ ಉಳಿಸುವುದು ಕಷ್ಟ

ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲೊಂದು ಛತ್ರಿ, ಕಾಲರಿನ ಮೇಲೆ ಮಾತ್ರ ಬಯಲು. ರುಂಡವಿಲ್ಲದ ಇಂಥ ಫೋಟೊಗಳನ್ನು ಫೋಟೊಶಾಪ್ ಕಾಲದ ಚಾಳಿ ಎನ್ನುವಂತಿಲ್ಲ. ಇಂಗ್ಲೆಂಡಿನಲ್ಲಿ ನೆಲೆಸಿದ್ದ ಆಸ್ಕರ್ ರೈಲಾಂಡರ್ 1858ರ ಸುಮಾರಿಗೇ ನೆಗೆಟಿವ್‌ಗಳನ್ನು ಕೂಡಿಸಿ, ತಟ್ಟೆಯಲ್ಲಿಟ್ಟ ತಲೆಯ ಚಿತ್ರ ಮಾಡಿದ್ದ. ಈಗ ಮನೆಯ ಕಂಪ್ಯೂಟರ್ ಸಾಕು. ಫೋಟೊಶಾಪ್‌ಗೆ ಹಣ ಕೊಡಬೇಕು; ಗಿಂಪ್ ಉಚಿತ, ಬ್ರೌಸರಿನಲ್ಲೇ ತೆರೆಯುವ ಫೋಟೊಪಿಯಾ ಕೂಡ ಉಚಿತ.

ಅರ್ಧ ಕೆಲಸ ಮುಗಿಯುವುದು ಕ್ಯಾಮೆರಾದಲ್ಲೇ. ಮೊಬೈಲನ್ನು ಟ್ರೈಪಾಡಿಗೆ ಬಿಗಿದು, ಎದೆಯ ಮಟ್ಟಕ್ಕಿಡಿ; ಎತ್ತರದಿಂದ ತೆಗೆದಷ್ಟೂ ಕಾಲರಿನ ಒಳಭಾಗ ಹೆಚ್ಚು ಕಂಡು ಕೆಲಸ ಬೆಳೆಯುತ್ತದೆ. ಪರದೆಯನ್ನು ಒತ್ತಿ ಹಿಡಿದು ಫೋಕಸ್, ಬೆಳಕು ಎರಡನ್ನೂ ಲಾಕ್ ಮಾಡಿ. ಉದ್ದ ಕೂದಲಿದ್ದರೆ ಎತ್ತಿ ಕಟ್ಟಿಸಿ. ಒಂದು ಫೋಟೊ ವ್ಯಕ್ತಿ ನಿಂತಾಗ, ಇನ್ನೊಂದು ಅವರು ಪಕ್ಕಕ್ಕೆ ಸರಿದ ಮೇಲೆ ಬರಿ ಹಿನ್ನೆಲೆಯದು. ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಅದೇ ಅಂಗಿಯನ್ನು ಹ್ಯಾಂಗರಿಗೆ ಹಾಕಿ, ಎದೆಯೊಳಗೆ ಹಳೆ ಪೇಪರ್ ತುರುಕಿ, ಅದೇ ಜಾಗ, ಅದೇ ಎತ್ತರದಲ್ಲಿ ತೂಗುಹಾಕಿ ತೆಗೆಯಿರಿ. ಹೊರಾಂಗಣವಾದರೆ ಬೇಗಬೇಗ ಮುಗಿಸಿ, ಮೋಡ ಕಾಯುವುದಿಲ್ಲ.

ಕಂಪ್ಯೂಟರಿನಲ್ಲಿ ಮೂರನ್ನೂ ಒಂದರ ಮೇಲೊಂದು ಲೇಯರ್ ಮಾಡಿ: ಕೆಳಗೆ ಬರಿ ಹಿನ್ನೆಲೆ, ನಡುವೆ ಹ್ಯಾಂಗರಿನ ಅಂಗಿ, ಮೇಲೆ ವ್ಯಕ್ತಿ. ನಡುವಿನದನ್ನು ಸದ್ಯಕ್ಕೆ ಮರೆಮಾಡಿ. ಮೇಲಿನ ಲೇಯರಿಗೆ ಮಾಸ್ಕ್ ಸೇರಿಸಿ ತಲೆ, ಕುತ್ತಿಗೆಯ ಮೇಲೆ ಕಪ್ಪು ಬ್ರಷ್ ಆಡಿಸಿದರೆ ಹಿಂದಿನ ಗೋಡೆ ಇಣುಕುತ್ತದೆ. ಎರೇಸರ್ ಮುಟ್ಟಬೇಡಿ, ಮಾಸ್ಕಿನಲ್ಲಿ ತಪ್ಪಿದರೆ ಬಿಳಿ ಬ್ರಷ್‌ನಿಂದ ಮತ್ತೆ ತರಬಹುದು. ಬಟ್ಟೆಯ ಅಂಚಿಗೆ ಗಡುಸು ಬ್ರಷ್ ಇರಲಿ.

ಇಲ್ಲಿಗೆ ನಿಲ್ಲಿಸಿದರೆ ಅಂಗಿ ರಟ್ಟಿನಿಂದ ಕತ್ತರಿಸಿದಂತಿರುತ್ತದೆ. ತಲೆ ಹೋದಾಗ ಕಾಲರಿನ ಹಿಂಬದಿಯ ಒಳಪಟ್ಟಿ, ಸಾಧ್ಯವಾದರೆ ದರ್ಜಿಯ ಲೇಬಲ್ಲೂ ಕಾಣಬೇಕು. ನಡುವಿನ ಲೇಯರನ್ನು ತೆರೆದು, ಅದಕ್ಕೂ ಮಾಸ್ಕ್ ಹಾಕಿ ಒಳಪಟ್ಟಿಯೊಂದನ್ನೇ ಉಳಿಸಿ. ಕೊರಳಿಗೆ ಕೂರುವಂತೆ ಸ್ವಲ್ಪ ಹಿಗ್ಗಿಸಿ, ತಿರುಗಿಸಿ. ಅದರ ಮೇಲೊಂದು ಖಾಲಿ ಲೇಯರಿಟ್ಟು ಮಲ್ಟಿಪ್ಲೈ ಮೋಡ್‌ನಲ್ಲಿ ಮೆತ್ತನೆ ಬ್ರಷ್‌ನಿಂದ ನೆರಳು ಹಚ್ಚಿ. ಬೆಳಕು ಮೇಲಿಂದ ಬೀಳುವುದರಿಂದ ಕಾಲರಿನ ಆಳ ಹೆಚ್ಚು ಕಪ್ಪು, ಅಂಚು ತಿಳಿ. ಒಂದೇ ಬೆರಳೊತ್ತಿಗೆ ತಲೆ ಮಾಯ ಮಾಡುವ ಆ್ಯಪ್‌ಗಳು ಎಡವುವುದು ಬಹುಪಾಲು ಈ ಕಾಲರಿನಲ್ಲೇ.

ಗೋಡೆಯ ಮೇಲೆ ಬಿದ್ದ ತಲೆಯ ನೆರಳನ್ನೂ ಮೇಲಿನ ಲೇಯರಿನ ಮಾಸ್ಕಿನಿಂದಲೇ ಅಳಿಸಬಹುದು. ನನ್ನನ್ನು ಕೇಳಿದರೆ ಬಿಟ್ಟುಬಿಡಿ. ತಲೆಯಿಲ್ಲದವನಿಗೆ ತಲೆಯುಳ್ಳ ನೆರಳಿದ್ದರೆ ಚಿತ್ರಕ್ಕೆ ಬೇರೆಯದೇ ಕಳೆ. ಬೆಲ್ಜಿಯಂನ ರೆನೆ ಮ್ಯಾಗ್ರಿಟ್ 1966ರಲ್ಲಿ ಬಿಡಿಸಿದ ‘ದಿ ಪಿಲ್‌ಗ್ರಿಮ್’ ಹುಡುಕಿ ನೋಡಿ: ಕೋಟು ಕೆಳಗೆ, ಹ್ಯಾಟು ಮೇಲೆ, ಮುಖ ಮಾತ್ರ ಪಕ್ಕಕ್ಕೆ ಸರಿದು ನಿಂತಿದೆ. ಒಂದು ಹನಿ ರಕ್ತವಿಲ್ಲ. ರಕ್ತ ಬಳಿದ ಕೂಡಲೇ ಬೆರಗು ಹೋಗಿ ಹೇಸಿಗೆಯಷ್ಟೇ ಉಳಿಯುತ್ತದೆ.

ಬೇರೆಯವರ ಫೋಟೊ ಬಳಸುವುದಾದರೆ ಮೊದಲು ಅವರನ್ನು ಕೇಳಿ. ಹಂಚಲು ಜೆಪೆಗ್ ಸಾಕು, ಆದರೆ ಅದರಲ್ಲಿ ಲೇಯರ್‌ಗಳು ಉಳಿಯುವುದಿಲ್ಲ. ಲೇಯರ್ ಸಮೇತ ಒಂದು ಪಿಎಸ್‌ಡಿ ಪ್ರತಿಯನ್ನು ತಪ್ಪದೆ ಉಳಿಸಿಕೊಳ್ಳಿ.