ಅಪ್ಪನ ತಾಟಿಗೊಂದು ಕೋಳಿಯೂಟ

ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿಯುವ ನಮ್ಮ ತಂದೆಯವರಿಗೆ ರಕ್ತದೊತ್ತಡವುಂಟು. ಉಪ್ಪು, ಎಣ್ಣೆ ಮಿತವಾಗಿರಲೆಂದು ವೈದ್ಯರು ತಿಳಿಸಿದರು. ಆದರೆ ಭಾನುವಾರದ ಕೋಳಿಯೂಟ ತಪ್ಪಿದರೆ ಅವರಿಗೆ ವಾರವೆಲ್ಲ ಸಪ್ಪೆ. ಆದುದರಿಂದ ಅವ್ವನೂ ನಾನೂ ಅಡುಗೆಯ ಕ್ರಮವನ್ನೇ ಬದಲಿಸಿದೆವು.

1 ಕಿಲೋ ಕೋಳಿಯ ಚರ್ಮ, ಕೊಬ್ಬು ತೆಗೆದು, ಒಂದು ಬಟ್ಟಲು ಮೊಸರು, ಶುಂಠಿ, ಬೆಳ್ಳುಳ್ಳಿ, ಅರಿಷಿಣ, ಖಾರಪುಡಿ, ಅರ್ಧ ಚಮಚ ಉಪ್ಪು ಹಚ್ಚಿ 2 ತಾಸು ನೆನೆಸಬೇಕು. ಮೊಸರಿನ ಹುಳಿ ಮಾಂಸದ ಮೇಲ್ಪದರವನ್ನು ಮೆತ್ತಗಾಗಿಸುತ್ತದೆ. ನಮ್ಮ ರಾಯಚೂರು ಜಿಲ್ಲೆಯ ಬಿಸಿಲಿಗೆ ಹೊರಗಿಟ್ಟರೆ ಕೆಟ್ಟೀತು, ಫ್ರಿಜ್ಜಿನಲ್ಲಿಯೇ ಇಡಬೇಕು. ಬಳಿಕ 2 ಚಮಚ ಎಣ್ಣೆಯಲ್ಲಿ, ಮುಚ್ಚಳವಿಟ್ಟು, ಸಣ್ಣ ಉರಿಯಲ್ಲಿ ಒಳಗಿನ ಕೆಂಪು ಹೋಗುವವರೆಗೆ ಬೇಯಿಸಬೇಕು. ಕೊನೆಗೆ ಹಿಂಡುವ ನಿಂಬೆರಸ ಉಪ್ಪಿನ ಕೊರತೆಯನ್ನು ಮರೆಸುತ್ತದೆ. ಜೊತೆಗೆ ಜೋಳದ ರೊಟ್ಟಿ, ಸೌತೆಯ ಹೋಳು.

ಮೊದಲ ವಾರ ಗೊಣಗಿದ ಅಪ್ಪ ಈಗ ಮರಳಿ ಬಡಿಸೆನ್ನುತ್ತಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ನನ್ನ ಓದಿನ ಮೊದಲ ಫಲ ಅವರ ತಾಟಿಗೆ ಬಿದ್ದಿತೆಂಬುದೇ ನನಗೆ ತೃಪ್ತಿ.