ಪ್ರಯಾಣದ ನಡುವೆ ಒಂದು ವಿಶ್ರಾಂತಿಯ ದಿನ

ನೀವು ಬೆಂಗಳೂರಿನಿಂದ ಮೋಟಾರ್ ಬೈಕಿನಲ್ಲಿ ಒಬ್ಬರೇ ಉತ್ತರದ ಕಡೆಗೆ ಹೊರಟಿದ್ದೀರಿ ಎಂದಿಟ್ಟುಕೊಳ್ಳಿ. ಗುರಿ ಲಡಾಖಿನ ಲೇಹ್. ರಾಷ್ಟ್ರೀಯ ಹೆದ್ದಾರಿ 44 ಹೈದರಾಬಾದ್, ನಾಗಪುರ, ಝಾನ್ಸಿ, ಆಗ್ರಾ, ದೆಹಲಿ ಮತ್ತು ಜಮ್ಮುವನ್ನು ದಾಟಿ ನಿಮ್ಮನ್ನು ಶ್ರೀನಗರಕ್ಕೆ ಮುಟ್ಟಿಸುತ್ತದೆ. ಅಲ್ಲಿಂದ ಝೋಜಿ ಲಾ ಕಣಿವೆ, ಕಾರ್ಗಿಲ್ ಮಾರ್ಗವಾಗಿ ಲೇಹ್. ಒಟ್ಟು 3,000 ಕಿ.ಮೀ.ಗೂ ಹೆಚ್ಚಿನ ದಾರಿ.

ಎರಡು ದಿನ ಬೆಳಗಿನಿಂದ ಕತ್ತಲಾಗುವವರೆಗೆ ಗಾಡಿ ಓಡಿಸಿ ನಾಗಪುರ ತಲುಪಿದ್ದೀರಿ. ಬೆನ್ನು ನೋಯುತ್ತಿದೆ, ಅಂಗೈ ಜೋಮು ಹಿಡಿದಿದೆ, ಕಣ್ಣು ಉರಿಯುತ್ತಿದೆ. ನಾಳೆ ಇಲ್ಲೇ ತಂಗೋಣ ಎಂದು ದೇಹ ಬೇಡುತ್ತದೆ. ರಜೆ ಇರುವುದೇ ಹದಿನೈದು ದಿನ, ಒಂದು ದಿನ ವ್ಯರ್ಥವಾಗುತ್ತದೆ ಎಂದು ಮನಸ್ಸು ಹೇಳುತ್ತದೆ. ನೀವು ಯಾರ ಮಾತು ಕೇಳುವಿರಿ?

ಹೆಚ್ಚಿನ ಯುವಕರು ಮನಸ್ಸಿನ ಮಾತನ್ನೇ ಕೇಳುತ್ತಾರೆ. ಜೊತೆಯಲ್ಲಿ ಯಾರಾದರೂ ಇದ್ದರೆ, 'ನಿನ್ನ ಕಣ್ಣು ಕೆಂಪಾಗಿದೆ, ಗಾಡಿ ನಿಲ್ಲಿಸು' ಎಂದು ಹೇಳಿಯಾರು. ಒಂಟಿ ಪ್ರಯಾಣಿಕನಿಗೆ ಹಾಗೆ ಹೇಳುವವರಿಲ್ಲ. ಆದ್ದರಿಂದ ಆ ಎಚ್ಚರಿಕೆಯನ್ನು ಅವನೇ ತನಗೆ ಹೇಳಿಕೊಳ್ಳಬೇಕಾಗುತ್ತದೆ.

ದಣಿವು ಎಂಬ ಅಮಲು

ಗಂಟೆಗೆ 80 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 22 ಮೀಟರ್. ತೂಕಡಿಕೆಯಲ್ಲಿ ರೆಪ್ಪೆ ಮೂರು ಸೆಕೆಂಡು ಮುಚ್ಚಿದರೆ 66 ಮೀಟರ್ ದಾರಿಯನ್ನು ನೀವು ಕಾಣದೆಯೇ ಸಾಗಿರುತ್ತೀರಿ. ಸತತವಾಗಿ 17 ಗಂಟೆ ಎಚ್ಚರವಿದ್ದವನ ಚುರುಕುತನವು ರಕ್ತದಲ್ಲಿ ಶೇ. 0.05ರಷ್ಟು ಮದ್ಯವಿರುವವನ ಮಟ್ಟಕ್ಕೆ ಇಳಿಯುತ್ತದೆಂದು ಪರೀಕ್ಷೆಗಳು ತೋರಿಸಿಕೊಟ್ಟಿವೆ. ನಮ್ಮ ದೇಶದಲ್ಲಿ ವಾಹನ ಚಾಲಕರಿಗೆ ಕಾನೂನು ಹಾಕಿದ ಮಿತಿ ಶೇ. 0.03 ಮಾತ್ರ. ಮದ್ಯದ ಒಂದು ಹನಿಯನ್ನೂ ಮುಟ್ಟದವರು ನಾವು. ಆದರೆ ಅದೇ ಸ್ಥಿತಿಯಲ್ಲಿ ಗಾಡಿ ಓಡಿಸಲು ನಾವು ಹಿಂಜರಿಯುವುದಿಲ್ಲವಲ್ಲ! ಎದುರಿನಿಂದ ಬರುವ ಅಮಾಯಕನಿಗೆ ನಮ್ಮ ಅಮಲು ಯಾವುದರದ್ದಾದರೇನು?

ಒಂದು ರಾತ್ರಿಯ ಅರೆಬರೆ ನಿದ್ದೆಯಿಂದ ಈ ದಣಿವು ಇಳಿಯುವುದಿಲ್ಲ. ಅದು ಸಾಲದಂತೆ ದಿನದಿಂದ ದಿನಕ್ಕೆ ಏರುತ್ತಾ ಹೋಗುತ್ತದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ಚಾಲಕನಿಗೆ ದಿನಕ್ಕೆ 8 ಗಂಟೆಯ ಕೆಲಸ, ಹೆಚ್ಚೆಂದರೆ 5 ಗಂಟೆಗೊಮ್ಮೆ ಅರ್ಧ ಗಂಟೆಯ ಬಿಡುವು, ವಾರಕ್ಕೊಂದು ದಿನದ ವಿಶ್ರಾಂತಿ ಎಂದು ವಿಧಿಸಿದ್ದು ಸುಮ್ಮನೆ ಅಲ್ಲ. ಕೂಲಿಗಾಗಿ ದುಡಿಯುವವನಿಗೆ ಕಾನೂನು ಕೊಟ್ಟ ಈ ಹಕ್ಕನ್ನು, ಸಂತೋಷಕ್ಕಾಗಿ ಹೊರಟ ನಾವು ನಮ್ಮ ದೇಹಕ್ಕೆ ಏಕೆ ಕೊಡಬಾರದು?

ದೇಹದ ಹಕ್ಕು

ಹಗಲೆಲ್ಲಾ ಉಪವಾಸವಿದ್ದು ರಾತ್ರಿಯೆಲ್ಲಾ ನಮಾಝ್ ಮಾಡುತ್ತಿದ್ದ ಹಝ್ರತ್ ಅಬ್ದುಲ್ಲಾ ಬಿನ್ ಅಮ್ರ್(ರ)ರಿಗೆ, ನಿಮ್ಮ ದೇಹಕ್ಕೂ ಕಣ್ಣುಗಳಿಗೂ ನಿಮ್ಮ ಮೇಲೆ ಹಕ್ಕಿದೆಯೆಂದು ಪ್ರವಾದಿವರ್ಯರು(ಸ) ತಿಳಿಹೇಳಿದ್ದರು. ಆರಾಧನೆಗಾಗಿ ಕೂಡ ಆ ಹಕ್ಕನ್ನು ಕಸಿಯಬಾರದೆಂದಾದರೆ, ಪ್ರವಾಸದ ಉತ್ಸಾಹಕ್ಕಾಗಿ ಕಸಿಯಬಹುದೇ?

ಹಿಜರಿ 7ರಲ್ಲಿ ಖೈಬರ್‌ನಿಂದ ಮರಳುವಾಗ ನಡೆದ ಘಟನೆಯನ್ನು ನೆನಪಿಸಿಕೊಳ್ಳಿ. ರಾತ್ರಿಯಿಡೀ ಸಾಗಿದ ಬಳಿಕ ಪ್ರವಾದಿವರ್ಯರು(ಸ) ವಿಶ್ರಾಂತಿಗಾಗಿ ಇಳಿದರು. ಫಜ್ರ್‌ಗೆ ಎಬ್ಬಿಸುವ ಹೊಣೆಯನ್ನು ಹಝ್ರತ್ ಬಿಲಾಲ್(ರ)ರಿಗೆ ವಹಿಸಲಾಯಿತು. ಅವರು ಎಚ್ಚರವಿರಲು ಪ್ರಯತ್ನಿಸಿದರು. ಪೂರ್ವಕ್ಕೆ ಮುಖಮಾಡಿ ತಮ್ಮ ಒಂಟೆಗೆ ಒರಗಿ ಕುಳಿತರು. ಆದರೆ ನಿದ್ದೆ ಅವರನ್ನು ಮೀರಿಸಿತು. ಬಿಸಿಲು ತಾಗುವವರೆಗೆ ಯಾರಿಗೂ ಎಚ್ಚರವಾಗಲಿಲ್ಲ. ಪ್ರವಾದಿವರ್ಯರು(ಸ) ಅವರನ್ನು ಶಿಕ್ಷಿಸಲಿಲ್ಲ. ಸ್ವಲ್ಪ ಮುಂದೆ ಸಾಗಿ ಎಲ್ಲರೂ ನಮಾಝ್ ನಿರ್ವಹಿಸಿದರು. ಬಿಲಾಲ್‌(ರ)ರಂತಹ ದೃಢಮನಸ್ಕರನ್ನೇ ದಣಿದ ದೇಹ ಸೋಲಿಸಿತೆಂದಾದರೆ, ಒಂದು ಕಪ್ ಚಹಾ ಕುಡಿದು ನಿದ್ದೆಯನ್ನು ಗೆಲ್ಲುವೆನೆಂಬ ನಮ್ಮ ಭರವಸೆಗೆ ಬೆಲೆಯೆಷ್ಟು?

ಪ್ರಯಾಣಿಕನಿಗೆ ಅಲ್ಲಾಹನು ನಾಲ್ಕು ರಕಅತ್‌ಗಳ ನಮಾಝನ್ನು ಎರಡಕ್ಕೆ ಇಳಿಸಿದ್ದಾನೆ. ರಮಝಾನಿನ ಉಪವಾಸವನ್ನು ಮುಂದೂಡುವ ಅನುಮತಿ ನೀಡಿದ್ದಾನೆ. ಸೃಷ್ಟಿಕರ್ತನೇ ಹಗುರಗೊಳಿಸಿರುವಾಗ ನಾವು ನಮ್ಮ ಮೇಲೆ ಭಾರ ಹೇರಿಕೊಳ್ಳುವುದು ಜಾಣತನವಲ್ಲ. ಒಂದು ದಿನ ತಂಗಿದ ಮಾತ್ರಕ್ಕೆ ನೀವು ಪ್ರಯಾಣಿಕರಲ್ಲದಾಗುವುದೂ ಇಲ್ಲ. ತಂಗುವ ಉದ್ದೇಶವು ಹನಫಿಗಳಲ್ಲಿ 15 ದಿನಕ್ಕಿಂತ, ಶಾಫಿಈಗಳಲ್ಲಿ ಬಂದ ಮತ್ತು ಹೊರಡುವ ದಿನಗಳನ್ನು ಬಿಟ್ಟು 4 ದಿನಕ್ಕಿಂತ ಕಡಿಮೆಯಿದ್ದರೆ ಖಸ್ರ್‌ನ ರಿಯಾಯಿತಿ ಉಳಿದಿರುತ್ತದೆ.

ರಾತ್ರಿಯಲ್ಲಿ ಒಂಟಿಯಾಗಿ ಪ್ರಯಾಣಿಸುವುದನ್ನು ಪ್ರವಾದಿವರ್ಯರು(ಸ) ನಿರುತ್ಸಾಹಗೊಳಿಸಿದ್ದಾರೆ. ಹಸಿರು ನೆಲದಲ್ಲಿ ಸಾಗುವಾಗ ಒಂಟೆಗೆ ಅದರ ಪಾಲನ್ನು ಕೊಡಬೇಕೆಂದೂ ರಾತ್ರಿ ತಂಗುವಾಗ ದಾರಿಯಿಂದ ಬದಿಗೆ ಸರಿಯಬೇಕೆಂದೂ ಕಲಿಸಿದ್ದಾರೆ. ಹೆದ್ದಾರಿಯ ಅಂಚಿನಲ್ಲಿ ಗಾಡಿ ನಿಲ್ಲಿಸಿ ಮಲಗುವವರಿಗೆ ಈ ಮಾತು ಇಂದಿಗೂ ಅನ್ವಯಿಸುತ್ತದೆ.

ಆ ದಿನವನ್ನು ಕಳೆಯುವುದು ಹೇಗೆ?

ಮೊದಲು ನಿದ್ದೆ ಮಾಡಿ. ಫಜ್ರ್ ಮುಗಿಸಿ ಮತ್ತೆ ಮಲಗಿದರೂ ತಪ್ಪೇನಿಲ್ಲ. ಬಿಸಿಯೂಟ ಮಾಡಿ, ನೀರು ಚೆನ್ನಾಗಿ ಕುಡಿಯಿರಿ. ಬಟ್ಟೆ ಒಗೆದು ಹಾಕಿ. ಸಂಜೆ ಗಾಡಿಯ ಬಳಿ ಕುಳಿತು ಚೈನನ್ನು ಒರೆಸಿ ಎಣ್ಣೆ ಹಾಕಿ. ಟೈರಿನ ಗಾಳಿ, ಬ್ರೇಕ್, ಇಂಜಿನ್ ಆಯಿಲ್, ಸಡಿಲವಾದ ನಟ್ಟು ಬೋಲ್ಟುಗಳನ್ನು ನೋಡಿ. ದಣಿದ ಕಣ್ಣಿಗೆ ಕಾಣದ ದೋಷ ಬಿಡುವಿನ ಕಣ್ಣಿಗೆ ಕಾಣುತ್ತದೆ. ಊರು ನೋಡಲು ಹೊರಟು ಆ ದಿನವನ್ನೂ ಇನ್ನೊಂದು ಓಟವಾಗಿ ಮಾಡಬೇಡಿ.

ಎತ್ತರದಲ್ಲಿ ಇದು ಜೀವದ ಪ್ರಶ್ನೆ

ಶ್ರೀನಗರದ ಎತ್ತರ ಸುಮಾರು 1,600 ಮೀಟರ್. ಲೇಹ್ 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮೂರನೇ ಎರಡರಷ್ಟು ಮಾತ್ರ. ಖರ್ದುಂಗ್ ಲಾ ಏರಿದರೆ 5,300 ಮೀಟರಿಗೂ ಮೇಲೆ, ಒತ್ತಡ ಸುಮಾರು ಅರ್ಧಕ್ಕೆ ಇಳಿಯುತ್ತದೆ. ದೇಹ ಇದಕ್ಕೆ ಹೊಂದಿಕೊಳ್ಳಲು ಸಮಯ ಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ಏರದೆ ತಂಗಬೇಕು ಎನ್ನುವುದು ವೈದ್ಯರ ಸಲಹೆ. ಆದ್ದರಿಂದ ಕಾರ್ಗಿಲ್‌ನಲ್ಲಿ ಒಂದು ರಾತ್ರಿ ತಂಗಿ. ಲೇಹ್ ಮುಟ್ಟಿದ ಮೇಲೆ ಕನಿಷ್ಠ ಎರಡು ದಿನ ಮೇಲಕ್ಕೆ ಏರಬೇಡಿ. ಪೇಟೆಯ ನಡುವಿನ ಜಾಮಿಅ ಮಸೀದಿಗೆ ನಿಧಾನವಾಗಿ ನಡೆದುಹೋಗಿ ಬಂದರೆ ಅಷ್ಟೇ ಸಾಕು.

ತಲೆನೋವು, ವಾಕರಿಕೆ, ತಲೆಸುತ್ತು ಕಂಡರೆ ಮುಂದೆ ಏರದಿರಿ. ಸುಮ್ಮನೆ ಕುಳಿತಾಗಲೂ ಏದುಸಿರು, ನೊರೆಯ ಕೆಮ್ಮು, ನಡಿಗೆಯಲ್ಲಿ ತೂರಾಟ, ಮಾತಿನಲ್ಲಿ ಗೊಂದಲ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ಕೆಳಗಿಳಿಯಬೇಕು. ಇದು ಧೈರ್ಯ ತೋರಿಸುವ ಸಮಯವಲ್ಲ. ಒಂಟಿಯಾಗಿರುವವನು ವಸತಿಗೃಹದವರಿಗೆ ತನ್ನ ಸ್ಥಿತಿಯನ್ನು ಮೊದಲೇ ತಿಳಿಸಿಡಲಿ.

ಮನೆಯವರಿಗೆ ಒಂದು ಮಾತು

ಮಗನನ್ನು, ತಮ್ಮನನ್ನು, ಪತಿಯನ್ನು ದೂರದ ದಾರಿಗೆ ಕಳುಹಿಸಿದವರೇ, ನಿಮ್ಮಲ್ಲೂ ಒಂದು ವಿನಂತಿಯಿದೆ. ಸಂಜೆಯ ಫೋನಿನಲ್ಲಿ ನಾವು ಮೊದಲು ಕೇಳುವುದು 'ಎಲ್ಲಿಯವರೆಗೆ ಮುಟ್ಟಿದೆ?' ಎಂದು. 'ಇವತ್ತು ಇಲ್ಲೇ ಇದ್ದೇನಮ್ಮಾ' ಎಂದರೆ 'ಯಾಕೆ, ಏನಾಯಿತು?' ಎಂದು ಗಾಬರಿಯಾಗುತ್ತೇವೆ. ಆ ಗಾಬರಿಗೆ ಹೆದರಿಯೇ ಎಷ್ಟೋ ಮಂದಿ ದಣಿವನ್ನು ಬಚ್ಚಿಟ್ಟು ಮುಂದೆ ಸಾಗುತ್ತಾರೆ. ಇನ್ನು ಮುಂದೆ 'ಚೆನ್ನಾಗಿ ನಿದ್ದೆ ಮಾಡಿದೆಯಾ ಮಗಾ?' ಎಂದು ಕೇಳಿ. ಇಂದು ತಂಗಿದ್ದೇನೆ ಎಂದರೆ 'ಅಲ್‌ಹಮ್ದುಲಿಲ್ಲಾಹ್, ಒಳ್ಳೆಯದಾಯಿತು' ಎನ್ನಿ.

ಲೇಹ್ ನಾಳೆಯೂ ಅಲ್ಲೇ ಇರುತ್ತದೆ. ಮನೆಯ ಬಾಗಿಲಲ್ಲಿ ಕಾಯುವವರಿಗೆ ಬೇಕಾಗಿರುವುದು ನೀವು ಒಂದು ದಿನ ಮೊದಲು ಬರುವುದಲ್ಲ, ನೀವು ಬರುವುದು. ಅಲ್ಲಾಹನು ಎಲ್ಲ ಪ್ರಯಾಣಿಕರನ್ನೂ ಕ್ಷೇಮವಾಗಿ ಅವರವರ ಮನೆ ತಲುಪಿಸಲಿ. ಆಮೀನ್.